ಊಟಕ್ಕೆ ಮುಂಚೆ ಪಂಚಾಂಗ

ನಮ್ಮ ಕಡೆ ‘ಊಟಕ್ಕೆ ಎಲ್ಲಿಗೆ ಹೋಗೋಣ’ ಎಂದು ಕೇಳಿದರೆ ಯಾರೂ ನೇರವಾಗಿ ಹೋಟೆಲಿನ ಹೆಸರು ಹೇಳುವುದಿಲ್ಲ. ‘ಇವತ್ತು ಯಾವ ವಾರ?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಯಾವ ಮೂಲೆಯಲ್ಲಿ ಕೇಳಿದರೂ ಅಷ್ಟೇ. ಸೋಮವಾರಕ್ಕೆ ಒಂದು ಉತ್ತರ, ಭಾನುವಾರಕ್ಕೆ ಇನ್ನೊಂದು. ಶ್ರಾವಣ ಶನಿವಾರವಾಗಿದ್ದರೆ ‘ಸುಮ್ನೆ ಮನೇಲಿ ಉಂಡ್ಕೊಂಡು ಬಿದ್ದಿರಿ’ ಎನ್ನುವುದೇ ಉತ್ತರ. ಬೆಂಗಳೂರಿನಲ್ಲಿ ಕೂತು, ಮೊಬೈಲಿನಲ್ಲಿ ಯಾವ ಹೋಟೆಲಿಗೆ ಎಷ್ಟು ನಕ್ಷತ್ರ ಎಂದು ಎಣಿಸಿ ಊಟದ ಜಾಗ ಗೊತ್ತುಮಾಡುವವರಿಗೆ ಈ ಪ್ರಶ್ನೆಯೇ ಹೊಳೆಯುವುದಿಲ್ಲ. ಅವರು ನೋಡುವ ನಕ್ಷತ್ರ ಬೇರೆ, ನಮ್ಮ ಪಂಚಾಂಗದ ನಕ್ಷತ್ರ ಬೇರೆ.

ಮೊನ್ನೆ ನಮ್ಮ ಭಾವನವರ ಮಗ ಬೆಂಗಳೂರಿನಿಂದ ಒಂದು ಪಟ್ಟಿ ಕಳಿಸಿದ. ಕಂಪನಿಯ ಗೆಳೆಯರನ್ನು ಕೂಡಿಸಿಕೊಂಡು, ಕಾರು ಮಾಡಿಕೊಂಡು ಬಂದು, ಒಂದು ಭಾನುವಾರ ಪೂರ್ತಿ ಬರೀ ತಿನ್ನುವುದಂತೆ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಿನಲ್ಲಿ ವಡೆ, ಬಲಮುರಿಯಲ್ಲಿ ಮೀನು, ಪಾಂಡವಪುರದ ಕಡೆ ಎಲ್ಲಾದರೂ ನಾಟಿಕೋಳಿ ಮುದ್ದೆ, ಅದಾದ ಮೇಲೆ ಮೇಲುಕೋಟೆಯಲ್ಲಿ ಪುಳಿಯೋಗರೆ, ದಾರಿಯಲ್ಲಿ ಆಲೆಮನೆ, ಸಂಜೆಗೆ ಮೈಸೂರಿನ ಮೈಲಾರಿ ದೋಸೆ, ರಾತ್ರಿಗೆ ಹನುಮಂತು ಪಲಾವು. ಒಂದೊಂದರ ಮುಂದೂ ಗಂಟೆ, ನಿಮಿಷ. ‘ಚಿಕ್ಕಮ್ಮ, ನೀವು ಆ ಕಡೆಯವರು, ಒಂದ್ಸಲ ನೋಡಿ ಸರಿಮಾಡಿ ಕಳಿಸಿ’ ಎಂದು ಕೊನೆಯಲ್ಲಿ ಒಂದು ಸಾಲು. ಪಟ್ಟಿಯಲ್ಲಿ ಊರುಗಳಿದ್ದವು, ಹೊತ್ತಿತ್ತು, ಹೊಟ್ಟೆ ಮಾತ್ರ ಇರಲಿಲ್ಲ. ನಮ್ಮ ಯಜಮಾನರು ಕನ್ನಡಕ ಏರಿಸಿ ಓದಿ, ‘ಇದು ಊಟದ ಪಟ್ಟಿ ಅಲ್ಲ, ಎಲೆಕ್ಷನ್ನಿನ ಪ್ರಚಾರದ ಪಟ್ಟಿ ಇದ್ದಂಗೈತೆ. ಎಲ್ಲ ಊರಲ್ಲೂ ಇಳಿಯೋದು, ಕೈಮುಗಿಯೋದು, ಹೊರಡೋದು’ ಎಂದರು.

ಮೊದಲ ಎರಡು ಊರುಗಳ ವಿಷಯವನ್ನು ಬೇಗ ಮುಗಿಸಿಬಿಡುತ್ತೇನೆ, ಅವು ನಮ್ಮ ಸೀಮೆಯಲ್ಲ. ಬೆಂಗಳೂರು-ಮೈಸೂರಿನ ನಡುವೆ 118 ಕಿಲೋಮೀಟರಿನ ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಜುಲೈನಿಂದ ನಮ್ಮ ಗಣಂಗೂರಿನ ಹತ್ತಿರ ಟೋಲ್ ಕೂಡ ಶುರುವಾಯಿತು. ಆ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವುದನ್ನೂ ಮಾತಾಡಿಸದೆ ಬರುತ್ತದೆ. ಮದ್ದೂರು ವಡೆ ಹುಟ್ಟಿದ್ದೇ ಅವಸರದಲ್ಲಿ ಎಂದು ಹೇಳುತ್ತಾರೆ. 1917ರಲ್ಲಿ ಮದ್ದೂರಿನ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬವರು, ರೈಲು ಬರುವ ಹೊತ್ತಾಗಿ ಹೋಯಿತಲ್ಲ ಎಂದು, ಈರುಳ್ಳಿ ಕಲಸಿದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ರೈಲಿನ ಅವಸರದಲ್ಲಿ ಹುಟ್ಟಿದ ತಿಂಡಿಗೆ ಕಾರಿನ ಅವಸರ ಬಂದು ಗಿರಾಕಿ ತಪ್ಪಿತು. ಮದ್ದೂರಿಗೆ ಇಳಿಯಬೇಕು ಅನ್ನುವವರು ಹಳೇ ರಸ್ತೆಗೇ ಬರಲಿ. ವಡೆಗೆಂದು ಇಳಿದು, ತಿಂದು, ಮತ್ತೆ ಹೆದ್ದಾರಿ ಹತ್ತಿ ಹಾರುವವರ ಪಟ್ಟಿ ನನಗೆ ಹಿಡಿಸುವುದಿಲ್ಲ.

ಈಗ ವಾರದ ವಿಷಯ. ನಮ್ಮ ಮನೆಯ ಕತೆಯನ್ನೇ ಹೇಳುತ್ತೇನೆ. ನನ್ನ ತವರು ನಾಗಮಂಗಲದ ಕಡೆ, ಅಲ್ಲಿ ಸೋಮವಾರ ಬಾಡು ಮುಟ್ಟುವುದಿಲ್ಲ. ಗಂಡನ ಮನೆ ಕೆ.ಆರ್. ಪೇಟೆಯ ಕಿಕ್ಕೇರಿ ಹೋಬಳಿ, ಮನೆದೇವರು ತಿಮ್ಮಪ್ಪ, ಆದ್ದರಿಂದ ಶನಿವಾರ ಇಲ್ಲ. ಮದುವೆಯಾದ ಮೇಲೆ ಎರಡೂ ವಾರ ನನ್ನ ಪಾಲಿಗೆ ಬಂದವು. ತಂಗಿಯನ್ನು ಕೊಟ್ಟಿರುವುದು ಪಾಂಡವಪುರಕ್ಕೆ. ಅವಳ ಗಂಡ ಈಚೆಗೆ ಗುರುವಾರ ಹಿಡಿದಿದ್ದಾನೆ. ಶುಕ್ರವಾರ ಲಕ್ಷ್ಮಿಯ ವಾರ ಎಂದು ಅತ್ತೆಯವರು ಇದ್ದಷ್ಟು ದಿನ ಒಪ್ಪಲಿಲ್ಲ, ಅವರು ಹೋದ ಮೇಲೆ ನಮಗೇ ಮನಸ್ಸು ಬರಲಿಲ್ಲ. ಮಂಗಳವಾರ ಮಾರಮ್ಮನ ವಾರ. ಅವಳಿಗಂತೂ ಬಾಡೇ ಬೇಕು, ಆದರೆ ಅದು ಹಬ್ಬದಲ್ಲಿ. ಹೀಗೆ ಒಂದೊಂದಾಗಿ ಕಳೆಯುತ್ತ ಹೋದರೆ ನಾಲ್ಕು ಮನೆಯವರೂ ಒಂದೇ ಪಂಕ್ತಿಯಲ್ಲಿ ಕೂತು ಎಲುಬು ಚೀಪಬಹುದಾದ ದಿನ ಬುಧವಾರ ಮತ್ತು ಭಾನುವಾರ ಮಾತ್ರ. ಇದರ ಮೇಲೆ ಏಕಾದಶಿ, ಸಂಕಷ್ಟಿ, ಶ್ರಾವಣ, ಶಿವರಾತ್ರಿ, ಮನೆಯಲ್ಲೊಬ್ಬರು ಹಾಕಿದ ಅಯ್ಯಪ್ಪನ ಮಾಲೆ. ಅಕ್ಕಪಕ್ಕದ ಮನೆಗೆ ಲೆಕ್ಕವೇ ಬೇರೆ, ಅವರ ಮನೆದೇವರು ಬೇರೆ. ಮೊಬೈಲಿನ ಪಟ್ಟಿಗೆ ಇದನ್ನೆಲ್ಲ ಕಲಿಸುವವರು ಯಾರು?

ವಾರ ಕೂಡಿಬಂದರೂ ಸಾಲದು, ಸಾಲು ಕೂಡಿಬರಬೇಕು. ಬಾಡು ತಿಂದು ದೇವಸ್ಥಾನಕ್ಕೆ ಹೋಗುವಂತಿಲ್ಲ. ಈ ಒಂದು ಕಟ್ಟಳೆಯನ್ನು ಹುಡುಗ ಮರೆತಿದ್ದ. ಬಲಮುರಿಯಲ್ಲಿ ಮೀನು, ಆಮೇಲೆ ನಾಟಿಕೋಳಿ, ಆಮೇಲೆ ಮೇಲುಕೋಟೆ! ಪುಳಿಯೋಗರೆ ತಿನ್ನಲು ಮೇಲುಕೋಟೆಗೆ ಹೋಗಿ, ಚೆಲುವನಾರಾಯಣನ ಬಾಗಿಲವರೆಗೂ ಹೋಗಿ, ‘ನಾನು ತಿಂದ್ಬಿಟ್ಟಿದೀನಿ, ನೀವು ಹೋಗ್ಬನ್ನಿ’ ಎಂದು ಚಪ್ಪಲಿ ಕಾಯುತ್ತ ನಿಲ್ಲುವ ಒಬ್ಬರಾದರೂ ಪ್ರತಿ ಗುಂಪಿನಲ್ಲೂ ಇರುತ್ತಾರೆ. ನಂಬಿಕೆ ಇರಲಿ ಇಲ್ಲದಿರಲಿ, ನಮ್ಮ ಕಡೆ ಊಟದ ದಾರಿಯ ನಕ್ಷೆ ಬರೆಯುವವರು ದೇವರುಗಳೇ. ದೇವಸ್ಥಾನ ಮೊದಲು, ಮಿಲಿಟ್ರಿ ಹೋಟೆಲು ಆಮೇಲೆ. ಬೆಟ್ಟ ಬೆಳಗ್ಗೆ, ಬಯಲು ಮಧ್ಯಾಹ್ನ. ಇಷ್ಟು ತಿಳಿದರೆ ಅರ್ಧ ಯೋಜನೆ ಮುಗಿದ ಹಾಗೆಯೇ.

ಹಾಗಾಗಿ ಮೇಲುಕೋಟೆ ಬೆಳಗ್ಗೆ. ಜೇವರ್ಗಿ ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಕಡೆಯಿಂದ ಹೋದರೂ ನಾಗಮಂಗಲದ ಕಡೆಯಿಂದ ಬಂದರೂ ಜಕ್ಕನಹಳ್ಳಿಯಲ್ಲಿ ತಿರುಗಿಕೊಂಡರಾಯಿತು. ಇಳಿದ ಕೂಡಲೇ ಪುಳಿಯೋಗರೆ ಅಂಗಡಿಗೆ ನುಗ್ಗಬಾರದು. ಮೊದಲು ಯೋಗನರಸಿಂಹನ ಬೆಟ್ಟ ಹತ್ತಿ ಇಳಿಯಬೇಕು. ಆ ಮೆಟ್ಟಿಲು ಹತ್ತದವರಿಗೆ ಪುಳಿಯೋಗರೆ ಬರೀ ಹುಳಿಯನ್ನ. ಬಿಸಿಬಿಸಿ ಸಿಕ್ಕಿತು ಎಂದು ಸಂತೋಷಪಡುವವರನ್ನು ನೋಡಿ ನನಗೆ ಅಯ್ಯೋ ಅನಿಸುತ್ತದೆ. ಪುಳಿಯೋಗರೆ ಬಿಸಿಯ ತಿಂಡಿಯಲ್ಲ. ಎಣ್ಣೆ ಬಿಡುವವರೆಗೆ ಕುದಿಸಿದ ಗೊಜ್ಜು ಅನ್ನದ ಅಗುಳಿನೊಳಗೆ ಇಳಿಯಲು ಹೊತ್ತು ಬೇಕು, ಹುಣಿಸೆ ಮತ್ತು ಬೆಲ್ಲದ ಜಗಳ ತೀರಲು ಹೊತ್ತು ಬೇಕು. ಆರಿದ ಮೇಲೆ ತಿನ್ನಿ, ಆದರೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಪೊಟ್ಟಣ ಬಿಚ್ಚಬೇಡಿ. ಮೇಲುಕೋಟೆಯ ಕೋತಿಗಳಿಗೂ ಪುಳಿಯೋಗರೆಯ ಹದ ಗೊತ್ತು. ಸಕ್ಕರೆ ಪೊಂಗಲನ್ನು ಮಾತ್ರ ಕೈಗೆ ಬಂದ ಬಿಸಿಯಲ್ಲೇ ತಿನ್ನಬೇಕು; ಆರಿದರೆ ತುಪ್ಪ ಗಟ್ಟಿಯಾಗಿ ನಾಲಗೆಗೆ ಮೆತ್ತುತ್ತದೆ. ಇನ್ನು ವೈರಮುಡಿ ಉತ್ಸವದ ದಿನ ಊಟದ ಆಸೆಗೆ ಆ ಕಡೆ ತಲೆ ಹಾಕಬೇಡಿ. ಅವತ್ತು ಪಾನಕ, ಮಜ್ಜಿಗೆ, ಮೊಸರನ್ನಕ್ಕೇನೂ ಕೊರತೆಯಿಲ್ಲ, ನಿಂತು ತಿನ್ನಲು ಒಂದು ಮೊಳ ಜಾಗ ಸಿಗುವುದಿಲ್ಲ.

ಹುಡುಗನ ಪಟ್ಟಿಯಲ್ಲಿ ನನಗೆ ಚುಚ್ಚಿದ್ದು ಬೇರೆಯೇ. ಅದರಲ್ಲಿ ಶ್ರೀರಂಗಪಟ್ಟಣವೇ ಇರಲಿಲ್ಲ. ‘ಅಲ್ಲಪ್ಪ, ನಾವಿರೋ ಊರನ್ನೇ ಬಿಟ್ಬಿಟ್ಟಿದೀಯಲ್ಲ’ ಅಂದೆ. ‘ಅಲ್ಲಿ ತಿನ್ನೋಕೇನಿದೆ ಚಿಕ್ಕಮ್ಮ?’ ಎಂದು ಕೇಳಿದ. ನನ್ನ ಹತ್ತಿರ ತಟ್ಟನೆ ಉತ್ತರವಿರಲಿಲ್ಲ. 1610ರಲ್ಲಿ ರಾಜ ಒಡೆಯರು ಮೊದಲ ದಸರಾ ಮಾಡಿದ್ದು ಈ ಊರಿನಲ್ಲಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು, ದಸರಾ ಹೋಯಿತು, ಹಿಂದೆಯೇ ಅರಮನೆಯ ಅಡುಗೆಯವರೂ ಸೌಟು ಹಿಡಿದುಕೊಂಡು ಹೋಗಿರಬೇಕು. ಅಂದಿನಿಂದ ನಮ್ಮದು ದಾರಿಯಲ್ಲಿ ಸಿಗುವ ಊರು. ಮೈಸೂರಿಗೆ ಹೋಗುವವರು ಇಳಿದು, ರಂಗನಾಥನನ್ನು ನೋಡಿ, ದರಿಯಾ ದೌಲತ್ತಿನ ಗೋಡೆಯ ಚಿತ್ರ ನೋಡಿ, ನಿಮಿಷಾಂಬೆಗೆ ಕೈಮುಗಿದು, ಗುಡಿಯ ಹೊರಗೆ ಚುರುಮುರಿಯನ್ನೋ ಉಪ್ಪುಖಾರ ಹಚ್ಚಿದ ಸೌತೆಕಾಯಿಯನ್ನೋ ತಿಂದು ಹೊರಟುಹೋಗುತ್ತಾರೆ. ಗಂಜಾಂ ಅಂಜೂರ ಎಂದು ಒಂದು ಕಾಲಕ್ಕೆ ಹೆಸರಾಗಿತ್ತು. ಈಗ ಅದನ್ನು ಕೇಳಿಕೊಂಡು ಬರುವವರು ಯಾರೂ ಇಲ್ಲ.

ಆದರೂ ನಮ್ಮ ಊರಿನ ಒಂದು ಊಟದ ಬಗ್ಗೆ ಹೇಳಬೇಕು. ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ದಿನವೂ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಕೆಲಸ ಮುಗಿಸಿ, ತಲೆ ಬೋಳಿಸಿಕೊಂಡು, ಒದ್ದೆ ಪಂಚೆ ಚೀಲದಲ್ಲಿ ತುರುಕಿಕೊಂಡು ಹೋಟೆಲಿಗೆ ಬಂದು ಕೂರುತ್ತಾರೆ. ಇಡ್ಲಿ ತಿನ್ನಬಹುದೋ, ಈರುಳ್ಳಿ ಹಾಕಿದ ಸಾಂಬಾರು ಆಗುತ್ತದೋ ಎಂದು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಾರೆ. ಬಡಿಸುವ ಹುಡುಗರಿಗೆ ಇದೆಲ್ಲ ಗೊತ್ತು. ‘ಏನ್ ಕೊಡ್ಲಿ ಸಾರ್’ ಎಂದು ಕೂಗುವವರು ಅವರ ಮೇಜಿನ ಹತ್ತಿರ ಬಂದಾಗ ದನಿ ತಗ್ಗಿಸಿ, ‘ಈರುಳ್ಳಿ ಹಾಕದ್ದು ಐತೆ, ತರ್ಲಾ?’ ಎನ್ನುತ್ತಾರೆ. ಯಾವ ನಕ್ಷತ್ರದ ಲೆಕ್ಕಕ್ಕೂ ಸಿಗದ ಈ ನಯವನ್ನು ನಾನು ಬೇರೆ ಊರಿನ ಹೋಟೆಲಿನಲ್ಲಿ ಕಂಡಿಲ್ಲ. ಇದನ್ನು ಹುಡುಗನಿಗೆ ಹೇಳಲಿಲ್ಲ. ತಿನ್ನುವ ಹುಮ್ಮಸ್ಸಿನಲ್ಲಿ ಇರುವವನಿಗೆ ಯಾಕೆ?

ಬಲಮುರಿಯ ಮೀನು ನಮ್ಮ ಯಜಮಾನರ ಕಡೆಯ ಓಟು. ಕನ್ನಂಬಾಡಿ ಕಟ್ಟೆಯ ಸುತ್ತಮುತ್ತ ಕಾವಲಿಯ ಮೇಲೆ ಮೀನು ಹುರಿದು ಕೊಡುವ ಅಂಗಡಿಗಳಿವೆ. ಕಾಟ್ಲಾ, ರೋಹು, ಜಿಲೇಬಿ. ಸಿಹಿ ಅಂಗಡಿಯ ಜಿಲೇಬಿ ಎಂದುಕೊಂಡ ಬೆಂಗಳೂರಿನ ಹುಡುಗಿಯೊಬ್ಬಳು ಒಮ್ಮೆ ‘ಎರಡು ಜಿಲೇಬಿ’ ಹೇಳಿ, ಬಂದದ್ದನ್ನು ನೋಡಿ ಬೆಚ್ಚಿಬಿದ್ದದ್ದನ್ನು ಇವರು ಎಲ್ಲರಿಗೂ ಹೇಳುತ್ತಾರೆ. ಪ್ರತಿ ಸಲವೂ ಅವಳ ವಯಸ್ಸು ಬದಲಾಗುತ್ತದೆ. ಮೀನಿನ ಬಗ್ಗೆ ನನ್ನ ತಕರಾರು ಒಂದೇ. ಅದು ಸಂಜೆಯ ತಿಂಡಿ, ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತವರ ತಿಂಡಿ. ಬೆಳಗ್ಗೆ ಹನ್ನೊಂದಕ್ಕೆ, ಮುದ್ದೆಗೆ ಮುಂಚೆ, ಗಡಿಯಾರ ನೋಡಿಕೊಂಡು ತಿನ್ನುವುದಲ್ಲ.

ಆಲೆಮನೆಗೂ ಹೊತ್ತುಂಟು. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ನಾಲೆಯ ನೀರಿನ ಕಬ್ಬು. ಗಾಣ ಆಡುವ ಕಾಲದಲ್ಲಿ ರಸ್ತೆಗೇ ಪರಿಮಳ ಬರುತ್ತದೆ. ಕೊಪ್ಪರಿಗೆಯಲ್ಲಿ ಹಾಲು ಕುದಿದು, ನೊರೆ ಏರಿ, ಪಾಕ ಹದಕ್ಕೆ ಬಂದು, ಇಳಿಸುವ ಹೊತ್ತಿಗೆ ಸರಿಯಾಗಿ ಹೋಗಬೇಕು. ಮುಂಚೆ ಹೋದರೆ ಕಬ್ಬಿನ ಹಾಲು ಕುಡಿದು ಬರಬೇಕು, ತಡವಾದರೆ ಅಚ್ಚಿನಲ್ಲಿ ಗಟ್ಟಿಯಾದ ಬೆಲ್ಲ. ಅದು ಅಂಗಡಿಯಲ್ಲೂ ಸಿಗುತ್ತದೆ. ನಡುವೆ ಸಿಗುವ ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿನ ತುದಿಯಲ್ಲಿ ತೆಗೆದು ನೀರಿಗೆ ಅದ್ದಿ ನೆಕ್ಕಿದವರಿಗೆ ಮೈಸೂರ್‌ಪಾಕಿನ ಮೇಲೆ ವ್ಯಾಮೋಹ ಉಳಿಯುವುದಿಲ್ಲ. ಒಂದು ಮಾತು: ಬೆಳ್ಳಗೆ ಹೊಳೆಯುವ ಅಚ್ಚು ನೋಡಿ ಮರುಳಾಗಬೇಡಿ, ಅದು ಹೈಡ್ರೋಸ್ ಹಾಕಿ ಬಿಳಿ ಮಾಡಿದ್ದು. ಕಂದು ಬಣ್ಣದ್ದನ್ನು ಕೇಳಿ ತೆಗೆದುಕೊಳ್ಳಿ. ಆಲೆಮನೆಯವನು ನಿಮ್ಮನ್ನು ಸ್ವಲ್ಪ ಗೌರವದಿಂದ ನೋಡುತ್ತಾನೆ.

ಮುದ್ದೆಯ ಊಟಕ್ಕೆ ಬರುತ್ತೇನೆ. ಭಾನುವಾರ ಬರುವವರ ದುರದೃಷ್ಟ ಗೊತ್ತಾಗುವುದು ಇಲ್ಲಿಯೇ. ನಮ್ಮ ತಾಲ್ಲೂಕು ಕೇಂದ್ರಗಳ ಒಳ್ಳೆಯ ಊಟ ಹುಟ್ಟಿರುವುದು ಪ್ರವಾಸಿಗರಿಗಾಗಿ ಅಲ್ಲ. ಪಹಣಿ ತಿದ್ದಿಸಲು, ಖಾತೆ ಬದಲಾಯಿಸಲು, ಕೋರ್ಟಿನ ವಾಯಿದೆಗೆ, ಆಸ್ಪತ್ರೆಗೆ, ಸಂತೆಗೆ ಬರುವವರಿಗಾಗಿ. ಕೆ.ಆರ್. ಪೇಟೆಯಲ್ಲಾಗಲಿ ನಾಗಮಂಗಲದಲ್ಲಾಗಲಿ ಕಚೇರಿ, ಕೋರ್ಟು, ಬಸ್‌ಸ್ಟ್ಯಾಂಡಿನ ಆಸುಪಾಸಿನ ಸಣ್ಣ ಮೆಸ್ಸಿಗೆ ಮಧ್ಯಾಹ್ನ ಒಂದು ಗಂಟೆಗೆ ಹೋಗಿ ನೋಡಿ. ಹಳ್ಳಿಯಿಂದ ಬೆಳಗ್ಗೆಯೇ ಹೊರಟು, ಗುಮಾಸ್ತನ ಮುಂದೆ ನಿಂತು ನಿಂತು ಸಾಕಾದ ಮನುಷ್ಯ ಕೂತಿರುತ್ತಾನೆ. ಅವನಿಗೆ ಮೋಸ ಮಾಡಲಾಗದು. ಮುದ್ದೆಯಲ್ಲಿ ಗಂಟಿದ್ದರೆ, ಸಾರು ತೆಳ್ಳಗಾಗಿದ್ದರೆ ಅಲ್ಲೇ ಹೇಳಿಬಿಡುತ್ತಾನೆ, ಅವನ ಮನೆಯಲ್ಲಿ ದಿನವೂ ಅದಕ್ಕಿಂತ ಒಳ್ಳೆಯದನ್ನು ಉಣ್ಣುವವನು ಅವನು. ಇಂಥ ಗಿರಾಕಿಗಳ ಮುಂದೆ ದಿನವೂ ಪರೀಕ್ಷೆ ಬರೆಯುವ ಅಡುಗೆಯಲ್ಲಿ ಸೋಗು ಇರುವುದಿಲ್ಲ. ಸೋಮವಾರ ಸೊಪ್ಪಿನ ಬಸ್ಸಾರು, ಇನ್ನೊಂದು ದಿನ ಹುರುಳಿಕಾಳು, ಅವರೆಯ ಕಾಲದಲ್ಲಿ ಹಿತಕಿದ ಬೇಳೆ, ವಾರ ನೋಡಿಕೊಂಡು ತಲೆಮಾಂಸ, ಬೋಟಿ. ಭಾನುವಾರ ಕಚೇರಿ ಇಲ್ಲ, ಕೋರ್ಟಿಲ್ಲ. ಎಷ್ಟೋ ಮೆಸ್ಸುಗಳಿಗೆ ಬೀಗ. ಬೆಂಗಳೂರಿನವರು ಅವತ್ತೇ ಬಂದು, ಹೆದ್ದಾರಿಯ ಬದಿಯ ‘ಹಳ್ಳಿ ಸೊಗಡು’ ಎಂದು ಬೋರ್ಡು ಬರೆಸಿ ಎತ್ತಿನಗಾಡಿ ಚಕ್ರ ತೂಗುಹಾಕಿದ ಕಡೆ ಉಂಡು, ‘ಮಂಡ್ಯದ ಊಟ ಅಷ್ಟಕ್ಕಷ್ಟೇ’ ಎಂದು ಹೇಳಿಕೊಂಡು ಹೋಗುತ್ತಾರೆ.

ಮುದ್ದೆ ಎಂದೆ. ನಮ್ಮ ತವರಿನಲ್ಲಿ ಅದಕ್ಕೆ ಹಿಟ್ಟು ಎನ್ನುವುದೇ ರೂಢಿ, ‘ಹಿಟ್ಟುಂಡ್ರಾ?’ ಅಂದರೆ ಊಟ ಆಯಿತಾ ಎಂದು. 1800ರಲ್ಲಿ ಬುಕಾನನ್ ಎಂಬ ಡಾಕ್ಟರು ಈ ಸೀಮೆಯಲ್ಲೆಲ್ಲ ತಿರುಗಿ ಬೆಳೆ, ಬಿತ್ತನೆ ಎಲ್ಲವನ್ನೂ ಬರೆದಿಟ್ಟ, ಬಡಜನರ ಹೊಟ್ಟೆ ತುಂಬಿಸುವುದು ರಾಗಿಯೇ ಎಂದೂ ಬರೆದ. ಆಮೇಲೆ ಕನ್ನಂಬಾಡಿ ಕಟ್ಟೆ ಬಂತು, ನಾಲೆ ಬಂತು, ಭತ್ತ ಕಬ್ಬು ಬಂದವು. ಗದ್ದೆ ಬಯಲಿನವರು ಅನ್ನಕ್ಕೆ ಹೊರಳಿದರೂ ಮುದ್ದೆಯನ್ನು ಬಿಡಲಿಲ್ಲ. ನಾಲೆಯ ನೀರು ಅಷ್ಟಾಗಿ ಕಾಣದ ನಾಗಮಂಗಲದ ಬೆದ್ದಲಿನಲ್ಲಂತೂ ರಾಗಿ, ಹುರುಳಿ, ಅವರೆ, ತೆಂಗು, ಇಷ್ಟರಲ್ಲೇ ಅಡುಗೆ. ಅಲ್ಲಿಯ ಉಪ್ಸಾರಿಗೆ ಸಮನಾದ್ದು ನಾಲೆಯ ಬಯಲಿನಲ್ಲಿ ಇಲ್ಲ ಎಂದು ನಾನು ಹೇಳಿದರೆ ತವರಿನ ಪಕ್ಷಪಾತ ಎನ್ನುತ್ತಾರೆ. ಪಕ್ಷಪಾತವೇ. ಕಾಳು ಸೊಪ್ಪು ಬೇಯಿಸಿ ಬಸಿದ ನೀರಿಗೆ ಉಪ್ಪು, ಪಕ್ಕದಲ್ಲಿ ಮೆಣಸಿನಕಾಯಿ ಬೆಳ್ಳುಳ್ಳಿ ಹುಣಿಸೆ ಅರೆದ ಖಾರ, ಅಷ್ಟೇ. ಮರೆಮಾಚಲು ಮಸಾಲೆಯಿಲ್ಲದ್ದರಿಂದ ಉಪ್ಸಾರು ಕೆಟ್ಟರೆ ಪೂರ್ತಿ ಕೆಡುತ್ತದೆ.

ಊಟದ ವಿಷಯಕ್ಕೆ ನಮ್ಮ ಜಿಲ್ಲೆಯವರು ಎಷ್ಟು ಗಟ್ಟಿ ಎನ್ನುವುದನ್ನು ನಾಡು ನೋಡಿದ್ದು 2024ರ ಡಿಸೆಂಬರಿನಲ್ಲಿ. ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ, ಅಧ್ಯಕ್ಷರು ಗೊ.ರು. ಚನ್ನಬಸಪ್ಪ. ಕವಿಗೋಷ್ಠಿಯಲ್ಲಿ ಯಾರಿದ್ದಾರೆ ಎನ್ನುವುದಕ್ಕಿಂತ ಊಟದಲ್ಲಿ ಬಾಡು ಇದೆಯೋ ಇಲ್ಲವೋ ಎನ್ನುವುದೇ ದೊಡ್ಡ ಚರ್ಚೆಯಾಯಿತು. ನಮ್ಮ ನೆಲದಲ್ಲಿ ಸಮ್ಮೇಳನ ಮಾಡಿ ನಮ್ಮ ಊಟಕ್ಕೆ ಜಾಗ ಇಲ್ಲವೆಂದರೆ ಹೇಗೆ ಎಂದು ಕೇಳುವವರು ಕೇಳಿದರು. ಕೊನೆಗೆ ಬೇಯಿಸಿದ ಮೊಟ್ಟೆ ಬಂತು. ಮೊಟ್ಟೆಗೆ ಸಮಾಧಾನಪಡುವ ಜನ ನಾವಲ್ಲ ಎಂದು ನಮ್ಮ ಯಜಮಾನರು ಈಗಲೂ ಗೊಣಗುತ್ತಾರೆ. ನನಗೆ ಅನಿಸುವುದು ಇಷ್ಟು: ನೆಂಟರನ್ನು ಕರೆದು ಪಂಕ್ತಿ ಹಾಕಿದ ಮೇಲೆ ಮನೆಯವರು ಉಣ್ಣುವುದನ್ನೂ ಅದರಲ್ಲಿ ಇಡುವುದು ಮರ್ಯಾದೆ, ಉಣ್ಣದವರಿಗೆ ಬೇರೆ ಸಾಲು ಹಾಕಿದರಾಯಿತು.

ಬಾಡಿನ ನಿಜವಾದ ರುಚಿ ಬೇಕೆಂದರೆ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ ಬರಬೇಕು. ಊರಿನ ಹತ್ತಾರು ಮನೆಯವರು ದುಡ್ಡು ಹಾಕಿ ಕುರಿ ಮೇಕೆ ತಂದು, ಕೊಯ್ದು, ಎಲೆಯ ಮೇಲೆ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಯಲ್ಲೂ ಎಲುಬು, ಮೆದು, ಈಲಿ, ಬೋಟಿ ಎಲ್ಲವೂ ಸಮ. ಬಡವನ ಗುಡ್ಡೆಗೂ ಗೌಡನ ಗುಡ್ಡೆಗೂ ವ್ಯತ್ಯಾಸವಿಲ್ಲ ಎನ್ನುತ್ತಾರೆ, ಗೌಡರು ಕಣ್ಣು ಹೊಡೆಯದೆ ಇದ್ದರೆ. ಅವತ್ತು ಹೋಟೆಲಿಗೆ ಹೋಗುವವನನ್ನು ಊರು ಅನಾಥ ಎಂದೇ ತಿಳಿಯುತ್ತದೆ.

ಹೀಗೆ ಬಂದು ಮುಟ್ಟಿದ್ದು ಮುಖ್ಯವಾದ ತೊಡಕಿಗೆ, ಅದು ನೆಂಟರು. ನಾಲ್ಕು ತಾಲ್ಲೂಕಿನಲ್ಲೂ 'ನಮ್ಮದು' ಎನ್ನುವ ಒಲೆ ಇರುವುದು ಭಾಗ್ಯವೆಂದು ಮದುವೆಯಾದ ಹೊಸದರಲ್ಲಿ ಅಂದುಕೊಂಡಿದ್ದೆ. ಆದರೆ ನಾಗಮಂಗಲದಲ್ಲಿ ಹೋಟೆಲಿಗೆ ಕಾಲಿಟ್ಟರೆ ಅದು ಸಂಜೆಯೊಳಗೆ ನಮ್ಮ ಚಿಕ್ಕಮ್ಮನ ಕಿವಿಗೆ ಬೀಳುತ್ತದೆ. ‘ಏನವ್ವ, ನಮ್ಮ ಮನೆ ಹಿಟ್ಟು ಹಿಡಿಸ್ಲಿಲ್ವಾ?’ ಎಂದು ಫೋನು. ಹೋಗುತ್ತೇವೆಂದು ಮೊದಲೇ ಹೇಳಿದರೆ ಅದೂ ಕಷ್ಟ. ಅವರು ಹೊಲದ ಕೆಲಸ ಬಿಟ್ಟು, ನಸುಕಿಗೇ ಎದ್ದು ಕೋಳಿ ಹಿಡಿದು, ಸುಟ್ಟು, ಅರಿಶಿನ ಹಚ್ಚಿ, ಖಾರ ಅರೆದು, ಹನ್ನೆರಡಕ್ಕೇ ಬಾಗಿಲಲ್ಲಿ ನಿಂತಿರುತ್ತಾರೆ. ಹೇಳದೆ ಹೋದರೆ, ‘ಹೇಳಿದ್ರೆ ಒಂದು ಕೋಳಿನಾದ್ರೂ ಕೊಯ್ತಿರ್ಲಿಲ್ವಾ’ ಎಂದು ಕಣ್ಣಲ್ಲಿ ನೀರು, ಜೊತೆಗೆ ಓಡಿಹೋಗಿ ಪಕ್ಕದ ಮನೆಯಿಂದ ಮೊಟ್ಟೆ. ಅವರ ಮನೆಯಲ್ಲಿ ಉಂಡು ಕೆ.ಆರ್. ಪೇಟೆಗೆ ಹೋದರೆ ಅಲ್ಲಿ ಅತ್ತಿಗೆ ಶ್ಯಾವಿಗೆ ಒತ್ತಿ, ಕಾಯಿಹಾಲು ಮಾಡಿ ಇಟ್ಟಿರುತ್ತಾರೆ. ‘ಅಲ್ಲುಂಡು ಬಂದ್ರಾ? ಇಲ್ಲಿ ಕೈ ತೊಳೀರಿ ಸಾಕು’ ಎನ್ನುವ ಬಿರುಸಿಗೆ ಎದುರಾಡಿದವರಿಲ್ಲ. ಅಳಿಯ ಮಾವನ ಮನೆಗೆ ಬರುವ ಸಡಗರವನ್ನು ಇಡೀ ಕನ್ನಡನಾಡು ಹಾಡಿಕೊಳ್ಳುವಂತೆ ಬರೆದ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು 1915ರಲ್ಲಿ ಇದೇ ಕಿಕ್ಕೇರಿಯಲ್ಲಿ. ಆ ಕಡೆಯ ಉಪಚಾರ ಕಂಡವರಿಗೆ ‘ಮೈಸೂರ ಮಲ್ಲಿಗೆ’ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಉಂಡವರ ಹೊಟ್ಟೆಯ ಪಾಡು ಏನೆಂದು ಕವಿಗಳು ಬರೆಯುವುದಿಲ್ಲ.

ಯೋಜನೆಯೇ ಬೇಡವಾದ ಊಟ ನಾಲ್ಕು ತಾಲ್ಲೂಕಿನಲ್ಲಿ ನನಗೆ ತಿಳಿದಂತೆ ಒಂದಿದೆ, ಆದಿಚುಂಚನಗಿರಿಯ ದಾಸೋಹ. ನಾಗಮಂಗಲ ತಾಲ್ಲೂಕಿನ ಆ ಬೆಟ್ಟದಲ್ಲಿ ಏನು ಬೇಕು ಎಂದು ಯಾರೂ ಕೇಳುವುದಿಲ್ಲ, ಯಾರ ಮಗಳು ಎಂದೂ ಕೇಳುವುದಿಲ್ಲ. ಸಾಲಿನಲ್ಲಿ ಕೂತು, ಬಡಿಸಿದ್ದನ್ನು ಉಂಡು, ಎದ್ದರೆ ಮುಗಿಯಿತು. ನೆಂಟರ ಮುನಿಸು, ವಾರದ ಲೆಕ್ಕ ಎರಡೂ ಕೈಕೊಟ್ಟಾಗ ನಾನು ಎಷ್ಟೋ ಸಲ ಕಾಲಭೈರವನ ಹೆಸರು ಹೇಳಿ ಅಲ್ಲಿ ತಪ್ಪಿಸಿಕೊಂಡಿದ್ದೇನೆ. ಅಮಾವಾಸ್ಯೆಯ ಜನಜಂಗುಳಿಯಲ್ಲಿ ಮಾತ್ರ ಹೋಗುವುದಿಲ್ಲ.

ಹುಡುಗನಿಗೆ ಪಟ್ಟಿ ತಿದ್ದಿ ಕಳಿಸಿದೆ. ಬಿಡದಿ, ಮೈಲಾರಿ, ಹನುಮಂತು ಎಲ್ಲಕ್ಕೂ ಗೀಟು ಹಾಕಿದೆ, ಅವು ಬೇರೆ ದಿನದ ಮಾತು. ಭಾನುವಾರ ಹೊಡೆದು ಬುಧವಾರ ಬರೆದೆ, ರಜೆ ಹಾಕಿ ಬಾ ಎಂದೆ. ಬೆಳಗ್ಗೆ ಮೇಲುಕೋಟೆ, ಬೆಟ್ಟ, ಪುಳಿಯೋಗರೆ. ಮಧ್ಯಾಹ್ನ ಒಂದಕ್ಕೆ ಕೆ.ಆರ್. ಪೇಟೆಯಲ್ಲೋ ಪಾಂಡವಪುರದಲ್ಲೋ ಕಚೇರಿಯ ಹತ್ತಿರದ ಮೆಸ್ಸು, ಎರಡು ಮುದ್ದೆ. ಅದಾದ ಮೇಲೆ ತಿನ್ನುವುದು ಸಂಜೆಯವರೆಗೂ ಏನೂ ಇಲ್ಲ. ಹೊಸಹೊಳಲಿನ ಗುಡಿಯನ್ನು ಹೊರಗಿನಿಂದಲೇ ಸುತ್ತಿ ನೋಡುವುದು, ತೊಣ್ಣೂರು ಕೆರೆ ಏರಿಯ ಮೇಲೆ ನಡೆಯುವುದು. ಗಾಣ ಆಡುತ್ತಿದ್ದರೆ ಆಲೆಮನೆ. ಹೊತ್ತು ಇಳಿದ ಮೇಲೆ ಬಲಮುರಿ. ರಾತ್ರಿಗೆ ನಮ್ಮ ಮನೆಯಲ್ಲಿ ಅನ್ನ, ಮಜ್ಜಿಗೆ. ಎಂಟು ಊಟದ ಪಟ್ಟಿ ಎರಡು ಊಟ, ಎರಡು ತಿಂಡಿಗೆ ಇಳಿಯಿತು. ‘ಇಷ್ಟೇನಾ ಚಿಕ್ಕಮ್ಮ?’ ಎಂದ. ಇಷ್ಟನ್ನು ಅರಗಿಸಿಕೊಂಡು ಮಾರನೆಯ ದಿನ ಕೆಲಸಕ್ಕೆ ಹೋದವರಿದ್ದರೆ ತೋರಿಸು ಎಂದೆ.

ನೀವೂ ಬರುವುದಾದರೆ ಎರಡು ಮಾತು. ಮಿಲಿಟ್ರಿ ಹೋಟೆಲಿನಲ್ಲಾಗಲಿ ಮೆಸ್ಸಿನಲ್ಲಾಗಲಿ ನಾಟಿಕೋಳಿ ಬೇಕಿದ್ದರೆ ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನವೇ ಫೋನು ಮಾಡಿ ಹೇಳಿ; ಅದು ಬೇಯಲು ಹೊತ್ತು ತೆಗೆದುಕೊಳ್ಳುತ್ತದೆ, ಹೋದ ಕೂಡಲೇ ಸಿಕ್ಕಿದ್ದು ನಾಟಿಯಲ್ಲ. ಮತ್ತೆ, ನಿಮ್ಮ ಸ್ನೇಹಿತರ ಅಕ್ಕನೋ ಅತ್ತೆಯೋ ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಾದರೂ ಇದ್ದರೆ, ಹೋಟೆಲಿನ ಪಟ್ಟಿಯನ್ನು ಹರಿದುಹಾಕಿ ಅವರಿಗೆ ಹೇಳಿ ಬನ್ನಿ. ಹೇಳಲು ಸಂಕೋಚವಾದರೆ ಅವರ ಊರಿನ ದಾರಿ ಹಿಡಿಯಬೇಡಿ.